ಫ್ರಿಜ್ಜಿನಲ್ಲಿ ನಮ್ಮ ವಂಶ

ಶಿರಸಿಯಲ್ಲಿರುವ ನನ್ನ ಅಣ್ಣನ ಮನೆಯಲ್ಲಿ ಹಾಲು ಹೊರಗಿದ್ದು ಒಡೆಯುತ್ತದೆ, ನಮ್ಮ ಇಡೀ ವಂಶ ಫ್ರಿಜ್ಜಿನಲ್ಲಿ ತಣ್ಣಗಿರುತ್ತದೆ. ಹೆದರಬೇಡಿ! ಒಳಗಿರುವುದು ಸ್ಲೈಡುಗಳು. ರಟ್ಟಿನ ಚೌಕಟ್ಟಿನಲ್ಲಿ ಅಂಚೆಚೀಟಿಯಷ್ಟು ಬಣ್ಣದ ಫಿಲ್ಮು. ಪ್ರೊಜೆಕ್ಟರಿಗೆ ತುರುಕಿದರೆ ಗೋಡೆಯ ಮೇಲೆ ಆಳೆತ್ತರದ ಚಿಕ್ಕಪ್ಪ. ಮುಂಬಯಿಯ ಮಾವ ಕೊಟ್ಟ ಕ್ಯಾಮೆರಾದಲ್ಲಿ ಅಣ್ಣ ಹುಡುಗನಾಗಿದ್ದಾಗಿನಿಂದ ತೆಗೆದವು. ಆ ಕಾಲ ಮುಗಿಯಿತೆಂದು ಊರಿಗೆಲ್ಲ ಗೊತ್ತು. ಅಣ್ಣನಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ.

ಅವನ ಪರಮವೈರಿ ಬೂಷ್ಟು. ಒಮ್ಮೆ ಗೋಡೆಯ ಮೇಲೆ ಅತ್ತಿಗೆಯ ಮದುವೆಯ ಸ್ಲೈಡು ಮೂಡಿದಾಗ ನೆಂಟರೊಬ್ಬರು ಮದುಮಗಳ ಹಣೆಯ ಮೇಲಿನ ಕುಸುರಿ ಕೆಲಸವನ್ನು ಮನಸಾರೆ ಹೊಗಳಿದರು. ಅದು ಬೂಷ್ಟು! ಅಂದಿನಿಂದ ಅಣ್ಣ ಪೇಟೆಯ ಚಪ್ಪಲಿ ಅಂಗಡಿಗಳಿಗೆ ಖಾಯಂ ಗಿರಾಕಿ. ಬೂಟು ಬೇಡವಂತೆ, ಬೂಟಿನ ಡಬ್ಬಿಯಲ್ಲಿ ತೇವ ಹೀರಲು ಇಟ್ಟಿರುತ್ತಾರಲ್ಲ, ಆ ಪುಟ್ಟ ಪೊಟ್ಟಣ ಬೇಕಂತೆ. ಮೊಮ್ಮಗನ ಉಪನಯನದ ಕರೆಯೋಲೆಯಲ್ಲಿ ‘ಉಡುಗೊರೆ ಬೇಡ, ಪೊಟ್ಟಣ ತನ್ನಿ’ ಎಂದು ಅಚ್ಚು ಹಾಕಿಸಿದ್ದ. ಡಿಗ್ನಿಟಿ ಎಂಬ ಪದಾರ್ಥ ನಮ್ಮ ಮನೆತನದಲ್ಲಿ ನನ್ನೊಬ್ಬಳಿಗೇ ಬಂದದ್ದೇಕೋ!

ಇನ್ನೊಂದು ಕಷ್ಟ. ತೋರಿಸಿ ತೋರಿಸಿ ಹಳೆಯ ಸ್ಲೈಡುಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿವೆ. ಗುಲಾಬಿ ಅಜ್ಜ, ಗುಲಾಬಿ ಎಮ್ಮೆ. ಅದಕ್ಕೆ ಅಣ್ಣನ ಔಷಧ, ನೋಡುವವರ ಕಣ್ಣಿಗೆಲ್ಲ ಹಸಿರು ಬಣ್ಣದ ಜಿಲೇಟಿನ್ ಕಾಗದದ ಕನ್ನಡಕ. ಹನ್ನೆರಡು ಜನ ಮುದುಕರು ಮಿಡತೆಗಳಂತೆ ಕೂತು ಎಮ್ಮೆ ನೋಡುವ ದೃಶ್ಯ ನೀವು ನೋಡಬೇಕಿತ್ತು.

ಇಷ್ಟೆಲ್ಲ ಸಹಿಸಿದ್ದು ಒಂದೇ ಆಸೆಗೆ. ನಮ್ಮ ಆಯಿಯ, ಅಂದರೆ ಅಮ್ಮನ, ಬಣ್ಣದ ಚಿತ್ರವೆಂದು ಇರುವುದು ಒಂದೇ ಸ್ಲೈಡು, ನನ್ನನ್ನು ಕಾನ್ವೆಂಟಿನ ಹಾಸ್ಟೆಲ್ಲಿಗೆ ಕಳಿಸಿದ ದಿನದ್ದು. ನನ್ನ ಹತ್ತಿರವಿರುವ ಆಯಿ ಬರೀ ಬ್ಲ್ಯಾಕ್ ಅಂಡ್ ವೈಟ್. ಅವಳ ಸೀರೆಯ ಬಣ್ಣವೂ ಮರೆತುಹೋಗಿದೆ. ಕೇಳಿದಾಗೆಲ್ಲ ಅಣ್ಣನದು ಒಂದೇ ಉತ್ತರ: ಬೆಳಕು ತಾಗಿದರೆ ಬಣ್ಣ ಹಾರುತ್ತದೆ. ಸ್ಕ್ಯಾನ್ ಮಾಡಿಸು ಎಂದೆ.

“ಸ್ಕ್ಯಾನ್ ಮಷೀನಿಂದೂ ಬೆಳಕೇ ಅಲ್ದನೇ?”

ವಾಟ್ ಕ್ಯಾನ್ ಒನ್ ಸೇ!

ಕಳೆದ ಮಳೆಗಾಲದಲ್ಲಿ ಯಲ್ಲಾಪುರದ ನನ್ನ ಮನೆಗೆ ಅವನ ಫೋನು ಬಂತು. ಎರಡು ದಿನದಿಂದ ಕರೆಂಟಿಲ್ಲ, ವಂಶಕ್ಕೆ ಅಪಾಯ, ಕೂಡಲೇ ಐಸು ತಗೊಂಡು ಬಾ. ಶಿರಸಿಯ ಮೀನು ಮಾರ್ಕೆಟ್ಟಿನಲ್ಲಿ ಐಸಿಲ್ಲವೇ ಎಂದು ಕೇಳಿದೆ.

“ಇದ್ದು. ಆದ್ರೆ ಇಲ್ಲಿ ಎಲ್ಲ ಗುರ್ತಿನವು ಇದ್ದ.”

ಯಲ್ಲಾಪುರದಲ್ಲಿ ನನಗೆ ಗುರುತಿನವರಿಲ್ಲವೇ? ಹುಟ್ಟಿದಾಗಿನಿಂದ ಮೀನಿನ ಹತ್ತಿರ ಸುಳಿಯದವಳು ತಲೆಗೆ ಸೆರಗು ಹೊದ್ದು, ಹಾಲಿನ ಕ್ಯಾನು ಹಿಡಿದು ಮಾರ್ಕೆಟ್ಟಿಗೆ ಹೋದೆ. ಮೀನು ಬೇಡ, ಐಸು ಮಾತ್ರ ಸಾಕು ಎಂದಾಗ ಮೀನು ಮಾರುವಾಕೆ ನನ್ನನ್ನು ಕರುಣೆಯಿಂದ ನೋಡಿದಳು.

“ಬರೀ ಐಸಲ್ಲಿ ಎಂತಾ ಸಾರು ಮಾಡ್ತ್ರಿ ಅಮ್ಮಾ?”

ಬಸ್ಸಿನಲ್ಲಿ ಆ ವಾಸನೆಗೆ ನನ್ನ ಪಕ್ಕದ ಸೀಟು ಶಿರಸಿಯವರೆಗೂ ಖಾಲಿಯೇ ಇತ್ತು. ಅಣ್ಣ ಬಾಗಿಲಲ್ಲೇ ಕೈಚಾಚಿದ. ನಾನು ಕ್ಯಾನಿನ ಮೇಲೆ ಕೂತುಬಿಟ್ಟೆ.

“ನೋ ಸ್ಲೈಡ್, ನೋ ಐಸ್.”

ಅಣ್ಣ ಒಳಗಿನಿಂದ ಒಂದು ಸ್ಟೀಲಿನ ಡಬ್ಬಿ ತಂದು, ಸ್ಲೈಡು ತೆಗೆದು ನನ್ನ ಕೈಗಿಟ್ಟ. ಕಿಟಕಿಯ ಬೆಳಕಿಗೆ ಹಿಡಿದೆ.

ಅರಿಶಿನ ಬಣ್ಣದ ಸೀರೆ. ಒಂಚೂರೂ ಮಾಸಿರಲಿಲ್ಲ. ಬಸ್ಸು ಆಗಲೇ ಹೋಗಿಯಾಗಿತ್ತು; ಖಾಲಿ ರಸ್ತೆಯ ಕಡೆಗೆ ಮುಖ ಮಾಡಿ, ಬಾಯಿಗೆ ಸೆರಗು ಒತ್ತಿಕೊಂಡು ಆಯಿ ಅಳುತ್ತಿದ್ದಳು. ಅವತ್ತು ನಗುನಗುತ್ತಾ ನನ್ನನ್ನು ಬಸ್ಸು ಹತ್ತಿಸಿದವಳು! ನಾನು ಹೋದದ್ದೇ ಅವಳಿಗೆ ಹಾಯೆನಿಸಿತೆಂದು ಇಷ್ಟು ವರ್ಷ ಒಳಗೊಳಗೇ ಮುನಿಸಿಕೊಂಡಿದ್ದೆ.

“ಆಯಿ ಹೇಳಿತ್ತು, ಕೂಸಿಗೆ ಇದ್ನ ತೋರ್ಸಡ, ನೋಡಿದ್ರೆ ಓದು ಬಿಟ್ಟು ಮನೆಗೆ ಬತ್ತು ಹೇಳಿ,” ಎಂದ ಅಣ್ಣ. “ಈಗ ನಿನ್ನ ಓದು ಮುಗ್ದೋತು. ನೋಡಲಕ್ಕು.”

ನನಗೆ ಕಣ್ಣು ಮಂಜಾಗಿ ಸರಿಯಾಗಿ ಕಾಣಲಿಲ್ಲ. ಅಣ್ಣ ಕಿಟಕಿಯ ಇನ್ನೊಂದು ಬಾಗಿಲನ್ನೂ ತೆರೆದ.