ಕಂಡಕ್ಟರು ಕೊಟ್ಟ ಕ್ಷಮೆ

ಡ್ರೈವರ್ ಮಾಡಿದ್ದು ಇಷ್ಟೇ: ಕಂಡಕ್ಟರನ್ನು ನಡುದಾರಿಯಲ್ಲಿ ಬಿಟ್ಟು ಬಸ್ಸು ಹೊರಡಿಸಿದ. ಚಹಾ ಎಂಬ ಪದ ಎಲ್ಲಿಂದ ಬಂತೆಂದು ಅವರು ಚಹಾ ಅಂಗಡಿಯವನಿಗೇ ವಿವರಿಸುತ್ತ ನಿಂತಿದ್ದರು. ಪದಗಳ ಬೇರು ಕೆದಕುವುದು ಅವರ ಚಟ. ವರ್ಷಗಟ್ಟಲೆ ಅದನ್ನು ಕೇಳಿ ಕೇಳಿ ಡ್ರೈವರನ ಕಿವಿ ಹಳೆಯ ಟೈರಿನಂತೆ ಸವೆದುಹೋಗಿತ್ತು. ಅವರಿಲ್ಲದ ಆ ಬಸ್ಸಿನಲ್ಲಿ ಎಂಜಿನ್ನಿನ ಗುಡುಗು ಕೂಡ ಜೋಗುಳದಂತೆ ಕೇಳಿಸಿತು.

ಡಿಪೋದಲ್ಲಿ ಮ್ಯಾನೇಜರು ಕರೆದು, ಸಂಜೆಯೊಳಗೆ ಕಂಡಕ್ಟರ ಕ್ಷಮೆ ಕೇಳಿ ರಾಜಿಯಾಗು, ಇಲ್ಲದಿದ್ದರೆ ಬಸ್ಸಿನ ಕೆಲಸ ಮರೆತುಬಿಡು ಎಂದರು. ಡ್ರೈವರ್ ನೇರ ಕ್ಯಾಂಟೀನಿಗೆ ಓಡಿದ.

ಕಂಡಕ್ಟರು ನಡೆದೇ ಬಂದಿದ್ದರು. ಊದಿದ ಕಾಲನ್ನು ಕುರ್ಚಿಯ ಮೇಲೆ ಚಾಚಿ, ಕ್ಯಾಂಟೀನಿನ ಗೋಡೆಗೆ ಮುಖ ಮಾಡಿ ಕೂತಿದ್ದರು.

"ಮನ್ನಿಸಿಬಿಡಿ ಅಣ್ಣಾ."

"ಮನ್ನಿಸು ಅಂದ್ರೆ ಮರ್ಯಾದೆ ಕೊಡು ಅಂತ ಮೂಲದ ಅರ್ಥ. ನನ್ನ ಬೀದಿಲಿ ಬಿಟ್ಟು ಬಂದಿದ್ದಕ್ಕೆ ಮರ್ಯಾದೆ ಬೇರೆ ಕೊಡಬೇಕೇನೋ ನಿನಗೆ?"

ಪಕ್ಕದ ಮೇಜಿನಲ್ಲಿದ್ದ ಮೆಕ್ಯಾನಿಕ್, ಕಾಲಿಗೆ ಬೀಳು ಎಂದು ಕಣ್ಸನ್ನೆ ಮಾಡಿದ. ಬಿದ್ದ. ಡ್ರೈವರನ ಹಣೆ ಊದಿದ ಕಾಲಿಗೇ ಬಡಿಯಿತು. ಕ್ಯಾಂಟೀನಿನ ಅಕ್ಕ, ಹಾರ್ನಾದರೂ ಹೊಡೀಬಾರದಿತ್ತೇ ಎಂದು ಬೈಯುತ್ತಲೇ ಶಾಖ ಕೊಡಲು ಬಿಸಿನೀರು ತಂದುಕೊಟ್ಟಳು. ಅದು ಎಷ್ಟು ಬಿಸಿಯೆಂದು ಮುಟ್ಟಿ ನೋಡದೆಯೇ ಡ್ರೈವರ್ ಕಾಲಿನ ಮೇಲೆ ಸುರಿದ. ಕಂಡಕ್ಟರು ಕೂಗಿದ್ದು ಪೆಟ್ರೋಲ್ ಬಂಕಿನವರೆಗೂ ಕೇಳಿಸಿತು.

ಕಡೆಗೆ ಅವನು ಸೋತ ದನಿಯಲ್ಲಿ, ಕ್ಷಮಿಸಿ ಎಂದ. ಕಂಡಕ್ಟರು ಗೋಡೆ ಬಿಟ್ಟು ಇತ್ತ ತಿರುಗಿದರು.

"ಈಗ ಸರಿಯಾಗಿ ಕೇಳಿದೆ. ಕ್ಷಮೆ ಅಂದ್ರೆ ಭೂಮಿ ಅಂತಾನೂ ಅರ್ಥ. ಅಗೆದ್ರೂ ತುಳಿದ್ರೂ ತಾಳ್ಕೊಳ್ಳೋದು. ಆ ಪದ ಹೇಗೆ ಬಂತು ಅಂದ್ರೆ..."

ಮೆಕ್ಯಾನಿಕ್ ಜಾರಿಕೊಂಡ, ಅಕ್ಕ ಪಾತ್ರೆಗಳ ಕಡೆ ಹೋದಳು. ಡ್ರೈವರ್ ನಿಂತಲ್ಲೇ ತೂಕಡಿಸಿದ. ಅವನ ತಲೆ ಮೇಲೆ ಕೆಳಗೆ ಆಡುವುದನ್ನು ಕಂಡು ಕಂಡಕ್ಟರ ಕಣ್ಣು ತುಂಬಿತು. ಅವರ ಮಾತನ್ನು ಕೊನೆಯವರೆಗೂ ಕೇಳಿದವರು ಈವರೆಗೆ ಯಾರೂ ಇರಲಿಲ್ಲ.

"ಕ್ಷಮಿಸಿದ್ದೀನಿ ಹೋಗು."

ಡ್ರೈವರ್ ಓಡಿಹೋಗಿ ಮ್ಯಾನೇಜರಿಗೆ ಸುದ್ದಿ ಮುಟ್ಟಿಸಿದ.

"ಬದುಕಿದೆ ನೋಡು," ಎಂದರು ಅವರು. "ರಾಜಿ ಆಗದಿದ್ರೆ ನಿನ್ನನ್ನ ಡೀಸೆಲ್ ಟ್ಯಾಂಕರ್ ಓಡಿಸೋಕೆ ಹಾಕೋಣ ಅಂತಿದ್ದೆ. ಒಬ್ಬನೇ ಹೋಗಬೇಕು, ಒಬ್ಬನೇ ಬರಬೇಕು. ಮಾತಿಗೆ ಒಂದು ನರಪಿಳ್ಳೆ ಇಲ್ಲ. ಇನ್ನು ರಿಟೈರ್ ಆಗೋವರೆಗೂ ನೀವಿಬ್ರೂ ಜೋಡಿ."

ಡ್ರೈವರ್ ಕಾಲೆಳೆಯುತ್ತ ಕ್ಯಾಂಟೀನಿಗೆ ವಾಪಸು ಬಂದ.

"ಅಣ್ಣಾ, ಕೊಟ್ಟ ಕ್ಷಮೇನ ವಾಪಸ್ ತಗೊಳ್ಳೋಕೆ ಆಗುತ್ತಾ?"

"ಆಗಲ್ಲ ತಮ್ಮಾ," ಎಂದು ಕಂಡಕ್ಟರು ಪ್ರೀತಿಯಿಂದ ಪಕ್ಕದ ಕುರ್ಚಿ ಎಳೆದರು. "ಯಾಕೆ ಅಂತ ಹೇಳ್ತೀನಿ, ಕೂತ್ಕೋ."

ಡ್ರೈವರ್ ಕೂತ.