ಝೆಲ್ಮನ್ ಮಾವನ ಶ್ಯಾವಿಗೆಯೂ ದ್ವೋಶಳ ಗಂಡನೂ

ಮನುಷ್ಯರ ದುಃಖಕ್ಕೆ ಗುರುವಾರ ಮಧ್ಯಾಹ್ನ ಕಾಲು ಗಂಟೆ ಸಾಕು ಎಂಬುದು ಬ್ರೂಕ್ಲಿನ್ನಿನ ಯಹೂದಿಗಳ ಯಿಡ್ಡಿಶ್ ಭಾಷೆಯ ರೇಡಿಯೋ ನಿಲಯವೊಂದರ ತೀರ್ಮಾನವಾಗಿತ್ತು. ಅದರಲ್ಲಿ ಸಿಂಹಪಾಲು, ಕಾರ್ಯಕ್ರಮದ ಖರ್ಚು ಹೊತ್ತ ಝೆಲ್ಮನ್ ಶ್ಯಾವಿಗೆ ಕಂಪನಿಗೆ. ಉಳಿದ ಹೊತ್ತಿನಲ್ಲಿ ಶಿಫ್ರಕ್ಕ ಬಂದವರ ಕಷ್ಟ ಕೇಳಿ ಬುದ್ಧಿ ಹೇಳಬೇಕು. ನಡುವೆ ಎರಡು ಸಲ "ಅಯ್ಯೋ" ಎನ್ನಲು ಆಕೆಗೆ ಲಿಖಿತ ಅನುಮತಿಯಿತ್ತು. ನಾಲ್ಕು ಹೊಡೆದೊಡನೆ ಅದೇ ಅಲೆಯ ಮೇಲೆ ಇಟಾಲಿಯನ್ನರ ಹಾಡು ಶುರುವಾಗುತ್ತಿದ್ದುದರಿಂದ, ಕಷ್ಟಗಳು ಅಷ್ಟರೊಳಗೆ ಮುಗಿಯತಕ್ಕದ್ದು.

ಆ ಗುರುವಾರ ಬಂದವಳು ದ್ವೋಶ, ಅಂಗಿಗಳಿಗೆ ಗುಂಡಿ ಹಚ್ಚುವವಳು. ಆಕೆಯ ಗಂಡ ಲೈಬುಶ್, ಹೆರಿಂಗ್ ಮೀನು ತರುತ್ತೇನೆಂದು ಹೋದವನು, ವರ್ಷಗಳಾದರೂ ಪತ್ತೆಯಿರಲಿಲ್ಲ. ಗಂಡ ತನ್ನ ಕೈಯಾರೆ ಬಿಡುಗಡೆ ಪತ್ರ ಕೊಡದಿದ್ದರೆ ನಮ್ಮ ಯಹೂದಿಗಳಲ್ಲಿ ಹೆಂಗಸಿಗೆ ಇನ್ನೊಂದು ಮದುವೆಯಿಲ್ಲ. ಅವನು ಷಿಕಾಗೋದಲ್ಲಿರಲಿ, ಚಂದ್ರನ ಮೇಲಿರಲಿ.

"ಅವನು ಬರೋದು ಬೇಡ ಶಿಫ್ರಕ್ಕ," ಎಂದಳು ದ್ವೋಶ. "ಮೀನೂ ಬೇಡ. ಪತ್ರ ಒಂದು ಕೊಟ್ರೆ ಸಾಕು. ಬೇಕರಿ ಗೆಟ್ಸಲ್ ಎಷ್ಟು ದಿನ ಅಂತ ನನಗೋಸ್ಕರ ಕಾಯ್ತಾನೆ? ಮದ್ವೆಗೆ ಹೊಲಿಸಿದ ಕೋಟು ಆಗ್ಲೇ ಹೊಟ್ಟೆ ಹತ್ರ ಬಿಗಿಯಾಗ್ತಿದೆ."

ಶಿಫ್ರಕ್ಕ ಮೊದಲನೆಯ "ಅಯ್ಯೋ" ಹೇಳಿ, ಕಾಣೆಯಾದವನ ಹೆಸರು ಸಾರಲು ಬಾಯಿ ತೆರೆದಳು. ಅಷ್ಟರಲ್ಲಿ ಜಾಹೀರಾತಿನ ಹೊತ್ತಾಯಿತು. ಪಕ್ಕದ ಕೋಣೆಯಿಂದ, ಊರಿಗೆಲ್ಲ ಝೆಲ್ಮನ್ ಮಾವ ಎಂದೇ ಪರಿಚಿತನಾದವನ ತುಂಬುಗಂಟಲು ಕೇಳಿಬಂತು: "ತಾಯಂದಿರೇ, ನೀರು ಕುದಿಸಿ, ಶ್ಯಾವಿಗೆ ಹಾಕಿ, ಉಪ್ಪು ಮಾತ್ರ ಮರೀಬೇಡಿ!"

ಮನೆಯಲ್ಲಿ ರೇಡಿಯೋ ಇಲ್ಲದ ದ್ವೋಶ ಧಡಕ್ಕನೆ ಎದ್ದಳು. "ಅವನೇ! ಉಪ್ಪಿಲ್ಲ ಅಂತ ದಿನಾ ನನ್ನ ಮೇಲೆ ಕೂಗಾಡ್ತಿದ್ದ ಗಂಟಲು!"

ಶಿಫ್ರಕ್ಕ ವ್ಯವಸ್ಥಾಪಕ ಲಿಪ್ಕಿನ್ನರ ಬಳಿಗೆ ಓಡಿದಳು. ಅವರು ನಿಯಮಾವಳಿ ತೆರೆದರು.

"ಕಾಣೆಯಾದವರ ಹೆಸರು ಮಾತ್ರ ಸಾರಬಹುದು ಕಣಮ್ಮ. ಈ ಮನುಷ್ಯನ ಧ್ವನಿ ದಿನಾ ಇಡೀ ನ್ಯೂಯಾರ್ಕಿಗೆ ಕೇಳುತ್ತೆ. ಇವನನ್ನ ಕಾಣೆಯಾದವನು ಅಂದ್ರೆ ನಮ್ಮ ನಿಲಯ ಯಾರಿಗೂ ಕೇಳಿಸಲ್ಲ ಅಂತ ಅರ್ಥ. ಝೆಲ್ಮನ್ ಕಂಪನಿಯವರು ದುಡ್ಡು ನಿಲ್ಲಿಸ್ತಾರೆ."

ಶಿಫ್ರಕ್ಕ ಲೈಬುಶನನ್ನೇ ಹಜಾರದಲ್ಲಿ ಅಡ್ಡಗಟ್ಟಿದಳು. "ಒಂದು ಪತ್ರ ಕೊಟ್ಟುಬಿಡೋ, ಪುಣ್ಯಾತ್ಮ!"

"ನಾನೇನು ಒಲ್ಲೆ ಅಂದ್ನಾ ಅಕ್ಕ?" ಎಂದ ಲೈಬುಶ್ ವಿನಯದಿಂದ. "ಪತ್ರಕ್ಕೆ ಸ್ವಂತ ಹೆಸರು ಬೇಕು. ಕರಾರಿನ ಪ್ರಕಾರ ನಾನು ಝೆಲ್ಮನ್ ಮಾವ. ಬೇರೆ ಹೆಸರು ಹೇಳಿದ್ರೆ ಕೆಲಸ ಹೋಗುತ್ತೆ."

ಧರ್ಮಗುರು ರಬ್ಬಿಯನ್ನು ವಿಚಾರಿಸಲಾಯಿತು. ಝೆಲ್ಮನ್ ಮಾವನಿಗೆ ಮದುವೆಯೇ ಆಗಿಲ್ಲವಾದ್ದರಿಂದ ಆತನ ಪತ್ರ ನಡೆಯುವುದಿಲ್ಲವೆಂದು ಅವರು ಸರಿಯಾಗಿಯೇ ತೀರ್ಪಿತ್ತರು.

ಮುಂದಿನ ಗುರುವಾರ, ಜಾಹೀರಾತು ಅರ್ಧಕ್ಕೆ ಬಂದಾಗ, ಶಿಫ್ರಕ್ಕ ಮೈಕಿನೆದುರು ಕಿರುಚಿದಳು: "ಈ ಝೆಲ್ಮನ್ ಮಾವನೇ ದ್ವೋಶಳ ಗಂಡ ಲೈಬುಶ್!"

ಕೇಳುಗರ ಕಾಗದಗಳು ಮೂಟೆಗಟ್ಟಲೆ ಬಂದವು. ಉಪ್ಪು ಯಾವಾಗ ಹಾಕಬೇಕೆಂಬುದು ಆ ಗದ್ದಲದಲ್ಲಿ ಕೇಳಿಸಲಿಲ್ಲವೆಂದು ಎಲ್ಲರೂ ದೂರಿದ್ದರು. ಶಿಫ್ರಕ್ಕನ ಒಂದು "ಅಯ್ಯೋ"ವನ್ನು ತಕ್ಷಣದಿಂದ ಜಾರಿಗೆ ಬರುವಂತೆ ರದ್ದುಪಡಿಸಲಾಯಿತು. ದ್ವೋಶಳ ಅರ್ಜಿಯ ಮೇಲೆ "ಗಂಡ ಸಿಕ್ಕಿದ್ದಾನೆ" ಎಂದು ಬರೆದು ಮುಚ್ಚಲಾಯಿತು. ಕಂಪನಿಯವರು ಆಕೆಗೆ ಅಭಿನಂದನಾಪೂರ್ವಕವಾಗಿ ಶ್ಯಾವಿಗೆ ಪೊಟ್ಟಣಗಳನ್ನು ಕಳಿಸಿದರು. ಗೆಟ್ಸಲ್ ಹೊಟ್ಟೆ ಒಳಗೆಳೆದುಕೊಂಡು ಇನ್ನೊಂದು ಚಳಿಗಾಲ ಕಾದ. ಆಮೇಲೆ ಕೋಟು ಮಾರಿದ.

ದ್ವೋಶ ಈಗಲೂ ಗುರುವಾರ ಬರುತ್ತಾಳೆ. ಅದೇ ಕುರ್ಚಿಯಲ್ಲಿ ಕೂರುತ್ತಾಳೆ.

"ನಮ್ಮೆಜಮಾನ್ರು ಬಂದ್ರಾ, ಅಕ್ಕ?"

"ಇನ್ನೇನು ಬರೋ ಹೊತ್ತಾಯ್ತು ಕಣೇ," ಎನ್ನುತ್ತಾಳೆ ಶಿಫ್ರಕ್ಕ, ಉಳಿದಿರುವ ಒಂದೇ "ಅಯ್ಯೋ"ವನ್ನು ಬೇರೆಯವರಿಗೆಂದು ಹಿಡಿದಿಟ್ಟುಕೊಂಡು.

ಧ್ವನಿ ಬರುತ್ತದೆ. ಉಪ್ಪು ಮರೆಯಬೇಡಿ ಎನ್ನುತ್ತದೆ. ದ್ವೋಶ ಹೂಂಗುಟ್ಟುತ್ತಾಳೆ.