ಬರಿದಲಿ ಅಳಿಯ

ನಮ್ಮ ಓಣ್ಯಾಗ ಒಲಿ ಹೊತ್ತಲಾರದ ದಿನ ಇದ್ದೀತು, ಸುದ್ದಿ ಹೊತ್ತಲಾರದ ದಿನ ಇಲ್ಲ. ಹಳೇ ಹುಬ್ಬಳ್ಳಿ ಓಣಿ ಅಂದ್ರ ಹಂಗ: ಈ ಮನ್ಯಾಗ ಒಗ್ಗರಣಿ ಹಾಕಿದರ ಆ ಮನ್ಯಾಗ ಸೀನತಾರ. ನಾ ಸಾಲಿಗೆ ಹೋದದ್ದು ಅಷ್ಟಕ್ಕಷ್ಟ. ಆದರ ನಮ್ಮ ಮನಿ ಕಟ್ಟಿ ಮ್ಯಾಲೆ ಕುಂತು ನಾ ಕಲಿತದ್ದನ್ನ ಯಾವ ಮಾಸ್ತರನೂ ಕಲಿಸಂಗಿಲ್ಲ.

ಇದು ಬ್ರಿಟಿಷರು ಇನ್ನೂ ಆಳತಿದ್ದ ಕಾಲದ ಮಾತು. ಎದುರು ಮನ್ಯಾಗ ಹತ್ತಿ-ಅರಳಿ ವ್ಯಾಪಾರಿ ಇದ್ದ. ಅವನ ಮಗಳಿಗೆ ಹತ್ತೊಂಬತ್ತು ತುಂಬಿದರೂ ಮದುವಿ ಆಗಿದ್ದಿಲ್ಲ. ಓಣಿ ಹೆಂಗಸರು, ನಾನೂ ಸೇರಿ, ದಿನಾ ಆಕಿ ಮದುವಿ ಮಾಡಿ ದಿನಾ ಮುರೀತಿದ್ದಿವಿ. ಹುಡುಗಿಗೆ ಒಬ್ಬ ಸೋದರಮಾವ ಇದ್ದ. ಹೇಣತಿ ಸತ್ತಾಂವ, ಮನ್ಯಾಗ ಇದ ಹುಡುಗಿ ವಾರಗಿ ಮಗಳಿದ್ದಾಂವ. ಆದರೂ ಮೀಸಿಗೆ ಎಣ್ಣಿ ಹಚ್ಚಿ, ದೊಡ್ಡ ಕೆಂಪು ರುಮಾಲು ಸುತ್ತಿ, "ಅಕ್ಕನ ಮಗಳು ನನ್ನ ಹಕ್ಕ" ಅಂತ ಕುಂತಿದ್ದ. ವ್ಯಾಪಾರಿ ಅವಗ ಮಾತು ಕೊಟ್ಟುಬಿಟ್ಟಿದ್ದ: "ಧಾರವಾಡದಿಂದ ಒಂದು ಸಂಬಂಧ ಬರಾಕತ್ತೈತಿ. ಅದು ಮುರದ್ರ ಹುಡುಗಿ ನಿಂದ."

ಅವತ್ತಿನಿಂದ ಮಾವ ಆ ಸಂಬಂಧ ಎಲ್ಲಿ ಮುರೀತೈತಿ ಅಂತ ಬೆಕ್ಕು ಹಾಲು ಕಾದಂಗ ಕಾದ. ಹುಡುಗಿ ಉಣ್ಣೂದು ಬಿಟ್ಟಳು.

ಯಾರು ಹೋದರು?

ನಮ್ಮ ಕಡೆ ಆಗ ಗಂಡಸು ತಲಿಗೆ ಬಟ್ಟಿ ಇಲ್ಲದ, ಅಂದ್ರ ಬರಿದಲಿಲೇ, ಹೊಸ್ತಿಲಾ ದಾಟತಿದ್ದಿಲ್ಲ. ದಾಟಿದಾ ಅಂದ್ರ ಅದಕ್ಕ ಒಂದ ಅರ್ಥ: ಅವರ ಮನ್ಯಾಗ ಯಾರೋ ಸತ್ತಾರ, ಸುದ್ದಿ ಹೇಳಾಕ ಬಂದಾನ.

ಧಾರವಾಡದ ಹುಡುಗ ಕಾಲೇಜು ಕಲಿಯಾಂವ, ಅಲ್ಲೇ ಸಪ್ತಾಪುರ ಓಣ್ಯಾಗ ಖೋಲಿ ಹಿಡಿದಿದ್ದ. ಅಲ್ಲಿ ಹುಡುಗರು ಆಗಷ್ಟ ಟೊಪಗಿ, ರುಮಾಲು ಬಿಟ್ಟು, ಎಣ್ಣಿ ಹಚ್ಚಿ ಬೈತಲಿ ತಗದು ತಿರಗಾಕ ಹತ್ತಿದ್ದರು. ಕನ್ಯಾ ನೋಡಾಕ ಬಂದಾಂವ, ಅಪ್ಪನ ಟಾಂಗಾ ಹಿಂದ ಉಳೀತು ಅಂತ ತಾನೊಬ್ಬನ ಮುಂದ ನಡಕೋತ ಬಂದ. ಬರಿದಲಿ.

ಬಾಗಿಲದಾಗ ಹುಡುಗಿಯ ಆಯಿ ಕುಂತಿತ್ತು, ಅಪ್ಪನ ತಾಯಿ. ಕಣ್ಣು ಮಂಜು, ಗಂಟಲು ಮಾತ್ರ ಕಹಳಿ. ಬರಿದಲಿ ಕಂಡದ್ದ ತಡ, ಎದಿ ಬಡಕೊಂಡು ಸುರು ಮಾಡಿತು: "ಹೋದ್ಯಲ್ಲೋ ನನ್ನಪ್ಪಾ! ನಮ್ಮನ್ನ ಬಿಟ್ಟು ಹೋದ್ಯಲ್ಲೋ!"

ಓಣಿ ಹೆಂಗಸರೆಲ್ಲಾ ಸೆರಗು ಬಾಯಿಗೆ ಹಿಡಿದು ಓಡಿ ಬಂದಿವಿ. ಅಳೂದು ಮೊದಲು, ವಿಚಾರಣಿ ಆಮ್ಯಾಲೆ, ಅದು ನಮ್ಮ ಪದ್ಧತಿ. ಸಾಕಷ್ಟು ಅತ್ತ ಮ್ಯಾಲೆ ನಾನ ಹುಡುಗನ್ನ ಕೇಳಿದೆ: "ಯಾರು ಹೋದರಪಾ?"

ಹುಡುಗ ಬೆವತಿದ್ದ. "ಯಾರೂ ಹೋಗಿಲ್ರಿ ಅಮ್ಮಾರ. ನಾ ಬಂದೇನ್ರಿ, ಕನ್ಯಾ ನೋಡಾಕ."

ಅಷ್ಟರಾಗ ಹುಡುಗನ ಅಪ್ಪ ಟಾಂಗಾ ಇಳದ. ಕಾಳಿನ ಅಂಗಡಿಯಾಂವ, ಭಾರೀ ಮನುಷ್ಯಾ. ಮನಿ ಮುಂದ ಅಳೋ ಹೆಂಗಸರ ಹಿಂಡು ನೋಡಿ, ಬೀಗರ ಮನ್ಯಾಗ ಸಾವಾಗೇತಿ ಅಂತ ತಿಳಕೊಂಡ. ಪಾಪ, ಮರ್ಯಾದಿಸ್ಥ. ತನ್ನ ರುಮಾಲೂ ತಗದು ಬಗಲಾಗ ಇಟಗೊಂಡ. ಅದನ್ನ ನೋಡಿ ಆಯಿ ಮತ್ತೊಮ್ಮೆ ಮೊದಲಿನಿಂದ ಸುರು ಮಾಡಿತು.

ಹುಡುಗಿ ಬಾಯಿ ಬಿಟ್ಟಳು

ಎಲ್ಲಾರೂ ಕಣ್ಣೊರಿಸಿಕೊಂಡು ಒಳಗ ಕುಂತರು. ಮಾವ ಮೂಲ್ಯಾಗ ಮೀಸಿ ತಿರುವಿಕೋತ ಅಂದ: "ಅಪಶಕುನ ಆತು. ಬರಿದಲಿ ಬಂದಾಂವಗ ಹುಡುಗಿ ಕೊಟ್ಟರ ಆಕಿ ಕುಂಕುಮ ಉಳದೀತ?" ವ್ಯಾಪಾರಿ ಮಾರಿ ಕಪ್ಪಿಟ್ಟಿತು. ಇನ್ನೇನು ಮುರೀತು ಅಂತ ನಾ ಕಿಡಕಿಗೆ ಕಿವಿ ಹಚ್ಚಿದೆ. ಕಿಡಕಿ ಅವರದ, ಕಿವಿ ನನ್ನದು, ಅದರಾಗ ತಪ್ಪೇನೈತಿ?

ಕನ್ಯಾ ನೋಡೂದಂದ್ರ ಆಗ ಹುಡುಗಿ ತಲಿ ಬಾಗಿಸಿ ಕುಂಡ್ರೂದು, ಹಿರ್ಯಾರು ಹೆಸರು ಕೇಳೂದು, ಆಕಿ ಇರಿವಿಗೆ ಕೇಳೂವಂಗ ಹೇಳೂದು, ಎದ್ದು ಹೋಗೂದು. ಈ ಹುಡುಗ ಹಿರ್ಯಾರನ್ನ ದಾಟಿ ತಾನ ಕೇಳಿಬಿಟ್ಟ: "ನೀವೇನರ ನನ್ನ ಕೇಳೂದೈತೇನ್ರಿ?"

ಹೆಣ್ಣಿಗೆ 'ನೀವು', 'ರಿ'! ಹುಡುಗಿ ಒಮ್ಮೆ ಮಾವನ ಮೀಸಿ ನೋಡಿದಳು. ಮೆಲ್ಲಕ ತಲಿ ಎತ್ತಿ ಕೇಳಿದಳು: "ನಿಮ್ಮ ತಲಿಗೆ ಥಂಡಿ ಹತ್ತೂದಿಲ್ಲೇನ್ರಿ?"

ಹುಡುಗ ಕಿಸಕ್ಕನ ನಕ್ಕ. ಆಕಿನೂ ನಕ್ಕಳು. ಕನ್ಯಾ ನಕ್ಕದ್ದು ನೋಡಿ ಹಾಲು ಕಾಸಾಕತ್ತಿದ್ದ ಆಕಿ ಅವ್ವ ಎಷ್ಟು ಗಾಬರಿ ಆದಳು ಅಂದ್ರ, ಬೀಗರ ಚಹಾಕ್ಕ ಸಕ್ಕರಿ ಬದಲಿ ಉಪ್ಪು ಹಾಕಿ ತಂದಳು. ಹುಡುಗನ ಅಪ್ಪ ಪೂರಾ ಕುಡಿದು, "ನಿಮ್ಮ ಮನಿ ಚಹಾದ ರುಚಿನ ಬ್ಯಾರೆ ಐತ್ರೆಪಾ" ಅಂದ.

ಎರಡು ರುಮಾಲಿನ ಬೀಗ

ಉಪ್ಪಿನ ಚಹಾದ ಮ್ಯಾಲೇ ಸಂಬಂಧ ಕೂಡಿತು. ನಿಶ್ಚಯದ ದಿನ ಹೆಣ್ಣಿನವರು ಅಳಿಯನ ತಲಿಗೆ ರುಮಾಲು ಸುತ್ತತಾರ. ಸುತ್ತೂದು ಸೋದರಮಾವನ ಕೆಲಸ. ಮಾವ ಬೇಕಂತ ಜರಿ ರುಮಾಲು ತಂದಿದ್ದ. ಹುಡುಗ ಕಾಲೇಜಿನ ಗೆಳ್ಯಾರ ಮುಂದ "ಮದುವ್ಯಾಗೂ ತಲಿಗೆ ಬಟ್ಟಿ ಕಟ್ಟಂಗಿಲ್ಲ" ಅಂತ ಆಣಿ ಮಾಡಿದ್ದು ಮಾವನ ಕಿವಿಗೆ ಬಿದ್ದಿತ್ತು. ಹೆಂಗ ಬಿತ್ತು ಅಂತ ನನ್ನ ಕೇಳಬ್ಯಾಡ್ರಿ.

"ತಲಿ ಬಗ್ಗಸ್ರಿ ಅಳಿಯಂದ್ರ" ಅಂದ ಮಾವ.

"ಕೈಯಾಗ ಕೊಡ್ರಿ. ಮರ್ಯಾದಿಲೇ ಇಟಗೋತೇನಿ" ಅಂದ ಹುಡುಗ.

"ನಾ ಕಟ್ಟೋ ರುಮಾಲು ಬ್ಯಾಡಾದ್ರ ನಮ್ಮ ಹುಡುಗಿನೂ ಬ್ಯಾಡ ಅಂದಂಗ!" ಮಾವ ಎದ್ದು ನಿಂತ.

ಒಳಗ ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಕಿ ಉಸರಾಡೂದು ನನಗ ಕೇಳಿಸ್ತಿತ್ತು. ಅಷ್ಟರಾಗ ಹುಡುಗನ ಅಪ್ಪ ದಡಗ್ಗನ ಎದ್ದ. ಮಾವನ ಕೈಯಾಗಿನ ರುಮಾಲು ಕಸಗೊಂಡು ತನ್ನ ರುಮಾಲಿನ ಮ್ಯಾಲೇ ಸುತ್ತಿಕೊಂಡ. "ಅಪ್ಪನ ತಲಿ, ಮಗನ ತಲಿ ಬ್ಯಾರೆ ಏನ್ರಿ? ನಡೀರಿ, ಊಟಕ್ಕ ಹಾಕ್ರಿ."

ಹಿರ್ಯಾರು ಒಪ್ಪಿದರು. ಹಸದಿದ್ದರು ನೋಡ್ರಿ. ಬೀಗ ದಿನಾ ಪೂರ್ತಿ ತಲಿ ಮ್ಯಾಲೆ ಬಣವಿ ಹೊತ್ತಂಗ ಕುಂತ. ಹೊರಗ ಹೋಗೂ ಮುಂದ ಮಾತ್ರ ಬಾಗಿಲದಾಗ ಸಿಕ್ಕೊಂಡ. ಮುಂದಿನಿಂದ ಇಬ್ಬರು ಜಗ್ಗಿ, ಹಿಂದಿನಿಂದ ಇಬ್ಬರು ನೂಕಿ, ಬೀಗಸ್ತನ ಪಾರು ಮಾಡಿದರು.

ಹಂದರದಾಗ

ಮದುವಿ ದಿನ ಮಾವ ಕಡೀ ಬಾಣ ಬಿಟ್ಟ. ಅಕ್ಷತಿ ಅಕ್ಕಿಕಾಳು ಹಾಕಾಕ ಜನಾ ಎದ್ದು ನಿಂತದ್ದ ತಡ, ಹಂದರದ ನಡುವ ಕೈ ಎತ್ತಿದ. "ಓಣಿ ಹಿರ್ಯಾರ ಸಾಕ್ಷಿ! ಬರಿದಲಿ ಅಂದ್ರ ಸೂತಕ. ಬರಿದಲಿಯಾಂವ ಯಾಂವರ ಇರಲಿ, ಈ ಹಂದರ ಬಿಟ್ಟು ಹೊರಗ ನಡೀಬೇಕು. ಹೌದೋ ಅಲ್ಲೋ?"

ಹಿರ್ಯಾರು ಒಬ್ಬರ ಮಾರಿ ಒಬ್ಬರು ನೋಡಿದರು. ರೀತಿ ಅಂದ ಮ್ಯಾಲೆ ರೀತಿ. "ಹೌದು" ಅಂದರು.

ಧಾರವಾಡದಿಂದ ಬಂದ ಗೆಳ್ಯಾರು ಹಂದರದ ಹೊರಗ ನಿಂತು ನೋಡತಿದ್ದರು. ಹುಡುಗ ಅವರನ್ನ ನೋಡಿದ, ಹುಡುಗಿನ್ನ ನೋಡಿದ. ಆಣಿ ಮುರದ್ರ ಮಾನ ಹೋಗತೈತಿ, ಮುರೀದಿದ್ರ ಹುಡುಗಿ ಹೋಗತಾಳ. ವಾಲಗದಾಂವ ಊದೂದು ನಿಲ್ಲಿಸಿದ. ವ್ಯಾಪಾರಿ ಕಂಬ ಹಿಡಿದು ಕುಂತುಬಿಟ್ಟ. ನನ್ನ ಬಾಯಿನೂ ಒಣಗಿತು ಅಂದ್ರ ತಿಳಕೋರಿ.

ಹುಡುಗನ ಶಲ್ಯಾದ ತುದಿಗೂ ಹುಡುಗಿ ಸೆರಗಿಗೂ ಆಗಲೇ ಗಂಟು ಹಾಕಿದ್ದರು. ಹುಡುಗಿ ಸುಮ್ಮನ ಕೈ ಚಾಚಿದಳು. ಅವನ ಹೆಗಲ ಮ್ಯಾಲಿನ ಶಲ್ಯಾ ಎತ್ತಿ ಅವನ ತಲಿ ಮ್ಯಾಲೆ ಹೊಚ್ಚಿದಳು. ಗಂಟಿನ ಸಂಗಾಟ ಆಕಿ ಸೆರಗೂ ಬಂದು ಅವನ ಹಣಿ ಮ್ಯಾಲೆ ಕುಂತಿತು.

"ಇವರು ಕಟ್ಟಿಕೊಂಡಿಲ್ರಿ, ನಾ ಹೊಚ್ಚೇನಿ" ಅಂದಳು. "ತಲಿ ಮುಚ್ಚೇತಿ. ಆಣಿನೂ ಉಳದೈತಿ."

ಹಿರ್ಯಾರು ತಲಿ ತೂಗಿದರು: "ಮುಚ್ಚೇತಿ ಖರೇ. ಅಯ್ಯನವರ, ಮಂತ್ರ ನಡೀಲಿ."

ಮಾವಗ ಸಿಟ್ಟು ನೆತ್ತಿಗೇರಿತು. "ಹೆಣ್ಣಿನ ಸೆರಗಿನಾಗ ಮದುವಿ! ಇಲ್ಲಿಗೆ ನನ್ನ ಮರ್ಯಾದಿ ಮಣ್ಣಾತು!" ಅಂತ ಒದರಿ, ತನ್ನ ಕೆಂಪು ರುಮಾಲು ತಗದು ನೆಲಕ್ಕ ಒಗದ.

ಅಷ್ಟು ವರ್ಷ ಆ ರುಮಾಲಿನ ಒಳಗ ಏನೈತಿ ಅಂತ ನಾವ್ಯಾರೂ ಕಂಡಿದ್ದಿಲ್ಲ. ಏನೂ ಇದ್ದಿಲ್ಲ. ಒಂದು ಕೂದಲಾನೂ ಇದ್ದಿಲ್ಲ. ಹಂದರದ ಬಿಸಲು ಬಿದ್ದು ತಿಕ್ಕಿದ ತಂಬಿಗಿ ಹಂಗ ಹೊಳೀತು.

ಮುಂದಿನ ಸಾಲಿನ್ಯಾಗ ಕುಂತಿದ್ದ ಆಯಿಗೆ ಆ ಹೊಳಪು ಕಂಡಿತು. ಬರಿದಲಿ! ಮುದುಕಿ ಎದಿ ಬಡಕೊಂಡಿತು: "ಹೋದ್ಯಲ್ಲೋ ನನ್ನಪ್ಪಾ!"

ನಾವು ಓಣಿ ಹೆಂಗಸರು ಪದ್ಧತಿ ಬಿಡತೀವೇನು? ಸೆರಗು ಬಾಯಿಗೆ ಹಿಡದಿವಿ. ಹಿರ್ಯಾರು ಇಬ್ಬರು ಬಂದು ಮಾವನ ರಟ್ಟಿ ಹಿಡದರು. "ನೀನ ಮಾಡಿದ ರೀತಿ, ತಮ್ಮಾ. ಬರಿದಲಿಯಾಂವ ಹೊರಗ ನಡೀಬೇಕು." ವಾಲಗದಾಂವ ಅಷ್ಟರಾಗ ಊದಾಕ ಸುರು ಮಾಡಿದ. ಈ ಕಡೆ ಅಕ್ಕಿಕಾಳು ಬಿದ್ದವು, ಆ ಕಡೆ ಮಾವ ಹೊರಬಿದ್ದ.

ಮಾವ ಹಂದರ ದಾಟೂ ಮುಂದ ಆಯಿ ನನ್ನ ಸೆರಗು ಜಗ್ಗಿ ಕೇಳಿತು: "ಯಾರು ಹೋದರು?"

"ಈ ಸಲ ಖರೇನ ಒಬ್ಬರು ಹೋದರು ಆಯಿ" ಅಂದೆ, "ನೀ ಬಾಯಿ ತುಂಬ ಅಳು."